ಪಕ್ಕದ ಪಾತಿಗೆ ನೀರು

ಮಾರ್ಚ್ 4, ಮಂಗಳವಾರ

ಬಲಗೈಯಲ್ಲಿ ದಿನಕ್ಕೆ ಎರಡು ಸಾಲಾದರೂ ಬರೆಯಬೇಕಂತೆ. ಫಿಸಿಯೋ ಅಮ್ಮನ ಅಪ್ಪಣೆ. ಏನು ಬರೆಯಲಿ ಎಂದರೆ ತೋಚಿದ್ದು ಬರೆಯಿರಿ ಎಂದಳು. ನನಗೆ ತೋಚುವುದು ಒಂದೇ. ಕನ್ನಡಕದವನು ಹಾಳಾಗಿ ಹೋಗಲಿ.

ಕೈ ನೋಯುತ್ತಿದೆ. ಸಾಕು.

ಮಾರ್ಚ್ 6, ಗುರುವಾರ

ಜೇಡಿಮಣ್ಣಿನ ಉಂಡೆ ಕೊಟ್ಟಿದ್ದಾಳೆ. ಹೆಬ್ಬೆರಳು, ತೋರುಬೆರಳಲ್ಲಿ ಚಿವುಟುತ್ತಿರಬೇಕಂತೆ. ಮಕ್ಕಳಾಟ. ಅಲಮಾರಿನ ಮೇಲೆ ಇಟ್ಟಿದ್ದೇನೆ. ಅಲ್ಲೇ ಒಣಗಲಿ.

ಮಾರ್ಚ್ 8, ಶನಿವಾರ

ನಾನು, ನನ್ನ ತಮ್ಮ ಸೇರಿ ನಡೆಸುವ ಕಟಿಂಗ್ ಅಂಗಡಿಗೆ ಹೋಗಿದ್ದೆ. ಕಿಟಕಿ ಪಕ್ಕದ ಮೊದಲ ಕುರ್ಚಿ ನನ್ನದು. ಅಲ್ಲಿ ತಮ್ಮ ಕರೆತಂದ ಹೊಸಬ ಯಾರಿಗೋ ಕಟಿಂಗ್ ಮಾಡುತ್ತಿದ್ದ. ನನ್ನ ಕತ್ತರಿ ತೆಗೆದು ಬೆರಳು ತೂರಿಸಿದೆ. ನಮ್ಮ ಕೆಲಸದಲ್ಲಿ ಆಡುವುದು ಹೆಬ್ಬೆರಳೊಂದೇ, ಉಳಿದ ಬೆರಳು ಸುಮ್ಮನೆ ಹಿಡಿದಿರುತ್ತವೆ. ಹೆಬ್ಬೆರಳು ಆಡಲಿಲ್ಲ. ಕತ್ತರಿ ನೆಲಕ್ಕೆ ಬಿತ್ತು. ಇದ್ದ ಗಿರಾಕಿಗಳೆಲ್ಲ ಕನ್ನಡಿಯಲ್ಲಿ ನೋಡಿದರು.

ತಮ್ಮ ಹೊರಗೆ ಕರೆದು ಹೇಳಿದ: "ಅಣ್ಣ, ಜೂನ್ ಮುಗಿಯೋವರೆಗೂ ನೋಡ್ತೀನಿ. ಆಮೇಲೆ ಆ ಕುರ್ಚಿ ಅವನಿಗೇ ಖಾಯಂ. ಗಿರಾಕಿಗಳು ಕಾಯಲ್ಲ. ನೀನು ಗಲ್ಲಾ ಹತ್ರ ಆರಾಮಾಗಿ ಕೂತ್ಕೋ."

"ಆರಾಮಾಗಿ ಇರೋಕೆ ನಾನೇನು ಕ್ಯಾಲೆಂಡರ್ರಾ, ಗೋಡೆಗೆ ನೇತುಹಾಕಿ ಮರೆತುಬಿಡೋಕೆ?"

ತಮ್ಮ ಒಳಗೆ ಹೋದ.

ಮಾರ್ಚ್ 9, ಭಾನುವಾರ

"ಅಷ್ಟೊಂದು ಸಿಟ್ಟು ಯಾರ ಮೇಲ್ರೀ? ಪಾತ್ರೆ ಏನು ಮಾಡ್ತು ನಿಮಗೆ?" ಎಂದು ಹೆಂಡತಿ ಕೇಳಿದಳು. ನಾನು ಲೋಟ ಕುಕ್ಕಿದ್ದಕ್ಕೆ. ಉತ್ತರವನ್ನು ಇಲ್ಲಿ ಬರೆಯುತ್ತೇನೆ, ನಡುನಡುವೆ ಕೈ ಇಳಿಸಿ.

ಜನವರಿಯಲ್ಲಿ ಅಂಗಡಿಯಿಂದ ಮನೆಗೆ ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ಕನ್ನಡಕದವನ ಸ್ಕೂಟರ್ ಗುದ್ದಿತು. ಊರಿಗೆಲ್ಲ ಕನ್ನಡಕ ಮಾರುವವನಿಗೆ ಎದುರಿಗೆ ಬಂದ ಆಳು ಕಾಣಲಿಲ್ಲ. ಮಣಿಕಟ್ಟು, ಹೆಬ್ಬೆರಳಿನ ಬುಡ ಎರಡೂ ಮುರಿದವು. ಅವನು ಕಾಲಿಡುವ ಜಾಗದಲ್ಲಿ ಗೊಬ್ಬರದ ಮೂಟೆ ಇತ್ತು. ಮೂಟೆ ಅಡ್ಡ ಇದ್ದರೆ ಕಾಲು ಬ್ರೇಕಿಗೆ ಹೋಗುವುದಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಜನ ಸೇರಿದಾಗ ಅವನು ಹೇಳಿದ್ದು, "ಅವರೇ ಅಡ್ಡ ಬಂದ್ರು" ಎಂದು. ನೆಲದ ಮೇಲೆ ಬಿದ್ದಿದ್ದ ನನ್ನ ಕಿವಿಗೇ ಬಿದ್ದ ಮಾತು.

ಮೂಟೆ ಹೋಗುತ್ತಿದ್ದದ್ದು ಬಡಾವಣೆಯವರ ತೋಟಕ್ಕೆ. ಅದೇ ತಿರುವಿನ ಬಸ್ ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಕೆಲಸವಿಲ್ಲದವರು ಸೇರಿ ಮಾಡಿಕೊಂಡಿದ್ದಾರೆ. ಸಂಬಳ ಇಲ್ಲ, ಸಾರಿಗೆ ಇಲ್ಲ, ತಾವಾಗಿಯೇ ಹೋಗಿ ಮಣ್ಣು ಕೆದರುವುದು.

ಇವನೇನು ಅಪರಿಚಿತನಲ್ಲ. ವರ್ಷಗಟ್ಟಲೆ ನನ್ನ ಕುರ್ಚಿಯಲ್ಲೇ ಕೂತವನು. ಎರಡು ಸುಳಿಯ ತಲೆ ಅವನದು. ಬಲಗಡೆಯದು ಒಂದು ದಿಕ್ಕು, ಎಡಗಡೆಯದು ಇನ್ನೊಂದು. ಅದನ್ನು ಹೇಗೆ ಕೂರಿಸಬೇಕೆಂದು ನನಗೊಬ್ಬನಿಗೇ ಗೊತ್ತು. ಅಂಥ ಕೈಯನ್ನೇ ಮುರಿದ.

ಆದ್ದರಿಂದ ಸಿಟ್ಟು ಅವನ ಮೇಲೆ, ಮೂಟೆಯ ಮೇಲೆ, ತೋಟದ ಮೇಲೆ. ಪಾತ್ರೆ ಏನೂ ಮಾಡಿಲ್ಲ.

ಮಾರ್ಚ್ 13, ಗುರುವಾರ

ಒಳ್ಳೆಯ ಸುದ್ದಿ. ತೋಟ ತೆಗೆದು ಅಲ್ಲಿ ಗಾಡಿ ನಿಲ್ಲಿಸುವ ಜಾಗ ಮಾಡುವ ಯೋಚನೆ ವಾರ್ಡ್ ಕಚೇರಿಗೆ ಇದೆ. ನಾನೇ ಹೋಗಿ ವಿಚಾರಿಸಿದೆ. ಜೂನ್‌ನಲ್ಲಿ ಅಧಿಕಾರಿ ತೋಟದವರ ಸಭೆಗೆ ಬಂದು, ಅವರ ಮಾತು ಕೇಳಿ ತೀರ್ಮಾನ ಮಾಡುತ್ತಾರಂತೆ. "ನಿಮ್ಮ ದೂರು ಅಲ್ಲೇ ಹೇಳಿ" ಎಂದ ಗುಮಾಸ್ತ. ಹೇಳದೆ ಬಿಡುತ್ತೇನೆಯೇ.

ಮಾರ್ಚ್ 16, ಭಾನುವಾರ

ತೋಟಕ್ಕೆ ಹೋಗಿದ್ದೆ. ಯಜಮಾನಿಕೆ ಎಲ್ಲ ಒಬ್ಬ ನಿವೃತ್ತ ಹೆಡ್‌ಮಿಸ್ಸಿನದು. ಎಲ್ಲರೂ ಮಿಸ್ ಎನ್ನುತ್ತಾರೆ, ಅವರಿಗಿಂತ ದೊಡ್ಡವರೂ. ಮಾತಾಡುವಾಗ ಈಗಲೂ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ನನಗೆ ಹೋಮ್‌ವರ್ಕ್ ಮಾಡದೆ ಬಂದವನ ಹಾಗೆ ಆಯಿತು.

"ಜೂನ್ ಸಭೇಲಿ ನಾನು ಮಾತಾಡ್ಬೇಕು" ಎಂದೆ.

"ಮಾತಾಡಿ. ಇಲ್ಲಿ ಒಂದು ಬೆಳೆ ತೆಗೆದವರು ಯಾರು ಬೇಕಾದ್ರೂ ಮಾತಾಡ್ಬಹುದು."

"ಅಂದ್ರೆ?"

"ಅಂದ್ರೆ ಬಿತ್ತಿ, ಬೆಳೆಸಿ, ಒಂದು ಸಲನಾದ್ರೂ ಕಿತ್ತಿರ್ಬೇಕು. ಮೊದಲ ವರ್ಷ ಬೇಲಿ ಆಚೆ ನಿಂತು ಬುದ್ಧಿ ಹೇಳೋರೇ ಜಾಸ್ತಿ ಇದ್ರು. ಅದಕ್ಕೇ ಈ ನಿಯಮ."

"ತೋಟ ಮುಚ್ಚಿ ಅಂತ ಹೇಳೋಕೆ ಬರ್ತಿದೀನಿ ನಾನು."

"ಹೇಳಿ. ಮೊದಲು ಬಿತ್ತಿ."

ಎಲ್ಲಕ್ಕಿಂತ ಬೇಗ ಬರುವ ಬೆಳೆ ಯಾವುದೆಂದು ಕೇಳಿದೆ. ಮೂಲಂಗಿಯಂತೆ. ಸರಿ, ಮೂಲಂಗಿ.

ಇನ್ನೊಂದು ಹುಚ್ಚು ನಿಯಮ ಇದೆ. ಇಲ್ಲಿ ಯಾರೂ ತಮ್ಮ ಪಾತಿಗೆ ತಾವು ನೀರು ಹಾಕುವಂತಿಲ್ಲ. ಪಕ್ಕದ ಪಾತಿಯವರು ಹಾಕಬೇಕು. ಇವರು ಅವರದಕ್ಕೆ ಹಾಕಬೇಕು. ಯಾಕೆ ಎಂದರೆ, "ತಮ್ಮದಕ್ಕೆ ಮುದ್ದು ಮಾಡಿ ನೀರು ಹೆಚ್ಚಾಗಿ ಹಾಕಿ ಕೊಳೆಸ್ತಾರೆ. ಇಲ್ಲ, ನಮ್ಮದೇ ತಾನೇ ಅಂತ ಮರೆತು ಒಣಗಿಸ್ತಾರೆ. ಬೇರೆಯವರದ್ದಾದ್ರೆ ಭಯ ಇರುತ್ತೆ."

ಖಾಲಿ ಇದ್ದದ್ದು ಒಂದೇ ಪಾತಿ. ಅದರ ಪಕ್ಕದ್ದು, ಬದನೆ ಗಿಡಗಳಿರುವುದು, ಯಾರದೆಂದು ಕೇಳಿದೆ. ಕನ್ನಡಕದವನದು.

ಬೇಡ ಎಂದು ಬಾಯಿಗೆ ಬಂತು. ನುಂಗಿಕೊಂಡೆ. ಅವನು ಸಂಜೆ ಬರುತ್ತಾನಂತೆ. ನಾನು ಬೆಳಿಗ್ಗೆ ಹೋಗುತ್ತೇನೆ. ಮುಖ ನೋಡುವ ಕರ್ಮ ಇಲ್ಲ.

ಮಾರ್ಚ್ 20, ಗುರುವಾರ

ಬಿತ್ತಿದೆ. ಪೊಟ್ಟಣ ಪೂರ್ತಿ ಎಡಗೈಯಲ್ಲಿ ಸುರಿದೆ. ದಟ್ಟವಾಗಿ ಬರಲಿ. ಮಣ್ಣು ಉಗುರಲ್ಲಿ ಕೂತಿದೆ, ಹೋಗುತ್ತಿಲ್ಲ. ಗಲೀಜು.

ಮಾರ್ಚ್ 25, ಮಂಗಳವಾರ

ಬದನೆಗೆ ನೀರು ಹಾಕಲಿಲ್ಲ.

ಮಾರ್ಚ್ 26, ಬುಧವಾರ

ಇವತ್ತೂ ಹಾಕಲಿಲ್ಲ.

ಮಾರ್ಚ್ 28, ಶುಕ್ರವಾರ

ಬದನೆ ಎಲೆಗಳು ಒದ್ದೆ ಟವೆಲ್ಲಿನ ಹಾಗೆ ಜೋತುಬಿದ್ದಿವೆ. ನನ್ನ ಪಾತಿ ಮಾತ್ರ ಹದವಾಗಿ ನೆನೆದಿದೆ. ಡಬ್ಬದ ಮುಚ್ಚಳಕ್ಕೆ ಮೊಳೆಯಲ್ಲಿ ಸಣ್ಣ ಸಣ್ಣ ತೂತು ಹೊಡೆದು, ಬೀಜ ಕೊಚ್ಚಿಹೋಗದ ಹಾಗೆ ಚಿಮುಕಿಸಿದ್ದಾನೆ. ಡಬ್ಬ ಅಲ್ಲೇ ಇತ್ತು. ನಾಟಕ.

ಮಿಸ್ ಬಂದು ಬದನೆ ನೋಡಿದರು, ನನ್ನನ್ನು ನೋಡಿದರು. "ನಿಮ್ಮ ಜೋಡಿ ಬದಲಾಯಿಸ್ಲಾ? ಕೈ ನೋವಿರೋರಿಗೆ ನೀರಿನ ಕ್ಯಾನ್ ಎತ್ತೋದು ಕಷ್ಟ."

"ಕೈ ನೋವು ಅಂತ ಯಾರು ಹೇಳಿದ್ದು ನಿಮಗೆ?"

"ಗಿಡ ಹೇಳ್ತಿದೆಯಲ್ಲ."

ಮೈಯೆಲ್ಲ ಉರಿಯಿತು. ಕ್ಯಾನ್ ತುಂಬಿ, ಎಡಗೈಯಲ್ಲಿ ಹಿಡಿದು ಬಲಗೈ ಆಸರೆ ಕೊಟ್ಟು, ಅವನ ಬದನೆಗೆ ಬುಡ ತುಂಬಾ ನೀರು ಹಾಕಿದೆ. ಅವರ ಬಾಯಿ ಮುಚ್ಚಿಸಲು. ಬೇರೆ ಕಾರಣ ಇಲ್ಲ.

ಮಾರ್ಚ್ 29, ಶನಿವಾರ

ಒಂದೇ ರಾತ್ರಿಯಲ್ಲಿ ಬದನೆ ತಲೆಯೆತ್ತಿ ನಿಂತಿದೆ. ಮಾನ ಮರ್ಯಾದೆ ಇಲ್ಲದ ಗಿಡ.

ಮತ್ತೆ ನೀರು ಹಾಕಿದೆ. ಸತ್ತರೆ ಅವನು ದೂರು ಹೇಳುತ್ತಾನೆ, ನನ್ನ ಮಾತಿನ ಹಕ್ಕು ಹೋಗುತ್ತದೆ.

ಏಪ್ರಿಲ್ 6, ಭಾನುವಾರ

ಮೂಲಂಗಿ ಮೊಳಕೆ ಹುಲ್ಲುಹಾಸಿನ ಹಾಗೆ ಬಂದಿದೆ. ತೋಟದಲ್ಲಿ ಇಷ್ಟು ದಟ್ಟ ಇನ್ನೊಂದು ಪಾತಿ ಇಲ್ಲ. ಮಿಸ್ ಕೈಯಲ್ಲಿ ಕನ್ನಡಕದವನು ಹೇಳಿಕಳಿಸಿದ್ದಾನೆ: ಸಸಿ ತುಂಬಾ ಒತ್ತಾಗಿದೆ, ನಾಲ್ಕರಲ್ಲಿ ಮೂರು ಕಿತ್ತುಹಾಕಬೇಕಂತೆ, ಇಲ್ಲದಿದ್ದರೆ ಗೆಡ್ಡೆ ಕಟ್ಟುವುದಿಲ್ಲವಂತೆ.

"ಅವನ ಬುದ್ಧಿ ಅವನೇ ಇಟ್ಕೊಳ್ಳಲಿ. ನನ್ನ ಕೈ ಮುರಿದಾಯ್ತು, ಈಗ ಬೆಳೆನೂ ಕೀಳಿಸ್ತಾನಾ?" ಎಂದೆ.

ಮಿಸ್ ಫೇಲಾಗುವವನನ್ನು ನೋಡುವ ನೋಟ ನೋಡಿದರು.

ಏಪ್ರಿಲ್ 13, ಭಾನುವಾರ

ತೋಟದ ಶೆಡ್ಡಿನಲ್ಲಿ ಎರಡು ಕತ್ತರಿಗಳಿವೆ. ಅವುಗಳಲ್ಲಿ ಬೆಣ್ಣೆ ಕೂಡ ತುಂಡಾಗುವುದಿಲ್ಲ. ತುಕ್ಕು ಹಿಡಿದು, ಅಲಗು ಹಲ್ಲುಬಿಟ್ಟು ಕೂತಿವೆ. ಆಯುಧವನ್ನು ಹೀಗೆ ಇಟ್ಟುಕೊಳ್ಳುವವರಿಗೆ ಜಾಗ ಯಾಕೆ ಬೇಕು? ಸಭೆಯಲ್ಲಿ ಹೇಳಬೇಕು.

ಮನೆಗೆ ತಂದು ಸಾಣೆ ಹಿಡಿದೆ. ಹಾಗೇ ಬಿಡಲು ಮನಸ್ಸಾಗಲಿಲ್ಲ. ಬಲಗೈ ಒತ್ತಿ ಹಿಡಿದುಕೊಳ್ಳಲಷ್ಟೇ ಉಪಯೋಗಕ್ಕೆ ಬಂತು. ನೋಯಿತು. ಮಧ್ಯಾಹ್ನ ಹಾಗೇ ನಿದ್ದೆ ಹೋದೆನಂತೆ, ಗೊರಕೆ ಬೇರೆ. ಜನವರಿಯಿಂದ ಕೇಳಿರಲಿಲ್ಲ ಎಂದು ಇವಳು ನಕ್ಕಳು. ಗೊರಕೆ ಕೂಡ ಎಣಿಸಿಕೊಂಡು ಕೂತಿದ್ದಾಳೆ.

ಏಪ್ರಿಲ್ 19, ಶನಿವಾರ

ಸಂಜೆ ಔಷಧಿ ಅಂಗಡಿಗೆ ಹೋಗುವಾಗ ಬೇಲಿಯಾಚೆಯಿಂದ ಕಂಡ. ಮೂರು ತಿಂಗಳಿಂದ ಕಟಿಂಗ್ ಮಾಡಿಸಿಲ್ಲ. ಕಿವಿ ಮುಚ್ಚಿದೆ, ಎರಡು ಸುಳಿಯೂ ಎದ್ದು ನಿಂತು ತಲೆ, ಸುಲಿದ ತೆಂಗಿನಕಾಯಿಯ ಜುಟ್ಟಿನ ಹಾಗಿದೆ. ಅಷ್ಟು ದೊಡ್ಡ ಅಂಗಡಿ ಇಟ್ಟುಕೊಂಡು ಹೀಗೆ ಓಡಾಡಲು ನಾಚಿಕೆಯಾಗಬೇಡವೇ. ನೋಡಿದರೆ ನನ್ನ ಕೈ ತುರಿಸುತ್ತದೆ. ಕಪಾಳಕ್ಕೆ ಬಾರಿಸಲೋ ಕತ್ತರಿ ಹಿಡಿಯಲೋ, ನನಗೇ ಗೊತ್ತಾಗಲಿಲ್ಲ.

ನನ್ನ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಡಬ್ಬದಲ್ಲಿ ಚಿಮುಕಿಸುತ್ತಿದ್ದ. ನೋಡದವನ ಹಾಗೆ ಬಂದೆ.

ಏಪ್ರಿಲ್ 27, ಭಾನುವಾರ

ಇವತ್ತು ಕಿತ್ತೆ. ಎಲ್ಲರೂ ಸುತ್ತ ನಿಂತಿದ್ದರು. ಎಲೆ ಮೊಣಕಾಲೆತ್ತರ. ಕೆಳಗೆ ಗೆಡ್ಡೆ ಎಂಬುದೇ ಇಲ್ಲ, ಇಲಿಬಾಲದಂಥ ಬೇರು. ಒಂದಾದ ಮೇಲೆ ಒಂದು ಕಿತ್ತೆ. ಎಲ್ಲ ಇಲಿಬಾಲ.

"ಸೊಪ್ಪು ಇದೆಯಲ್ಲ. ಇದೂ ಬೆಳೆನೇ" ಎಂದೆ.

"ನೀವು ಬಿತ್ತಿದ್ದು ಮೂಲಂಗಿ" ಎಂದರು ಮಿಸ್. "ಸಪ್ಲಿಮೆಂಟರಿ ಇದೆ. ಇನ್ನೊಂದ್ಸಲ ಬಿತ್ತಿ. ಜೂನ್ ಸಭೆಗೆ ಸರಿಯಾಗಿ ಬರುತ್ತೆ."

ಹಿಂದೆ ಯಾರೋ ನಕ್ಕರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಗಸು. ಇಂಥವರಿಗೆ ಯಾರ ಕೈಗಾದರೂ ಇಂಜೆಕ್ಷನ್ ಕೊಡುವ ಯೋಗ್ಯತೆ ಇದೆಯೇ?

ಮನೆಗೆ ಬಂದು ಕೂಗಾಡಿದೆ. ಇವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು. ಆಮೇಲೆ ಎಂದಳು: "ತುಂಬಾ ದಟ್ಟ ಕೂದಲಿನವರು ಬಂದ್ರೆ ನೀವು ಹಲ್ಲಿನ ಕತ್ತರೀಲಿ ತೆಳು ಮಾಡಲ್ವಾ? ಇಲ್ಲಾಂದ್ರೆ ಕೂರಲ್ಲ ಅಂತ ನೀವೇ ಹೇಳೋದು."

"ಕೂದಲು ಬೇರೆ, ಮೂಲಂಗಿ ಬೇರೆ."

"ಅದೇ. ಕೂದಲಿಗಾದ್ರೆ ಗೆಡ್ಡೆ ಕಟ್ಟೋ ತಾಪತ್ರಯ ಇಲ್ಲ."

ಇವಳೂ ಅವರ ಕಡೆ.

ಏಪ್ರಿಲ್ 29, ಮಂಗಳವಾರ

ತಮ್ಮ ಮನೆಗೆ ಬಂದಿದ್ದ. ಹೊಸಬನಿಗೆ ಬೇರೆ ಅಂಗಡಿಯಿಂದ ಕರೆ ಬಂದಿದೆಯಂತೆ, ಮೊದಲ ಕುರ್ಚಿ ಕೊಟ್ಟರೆ ಮಾತ್ರ ಉಳಿಯುತ್ತಾನಂತೆ. "ಜೂನ್ ಕೊನೆ ಅಂದಿದೀನಿ ಅವನಿಗೆ. ಕೈ ಹೇಗಿದೆ, ಅಣ್ಣ?"

"ಇದೆ, ತೋಳಿಗೆ ಅಂಟಿಕೊಂಡು" ಎಂದೆ.

ಅವನು ಹೋದ ಮೇಲೆ ಮುಷ್ಟಿ ಕಟ್ಟಿ ನೋಡಿದೆ. ಕಟ್ಟಿದೆ, ಆದರೆ ಹೆಬ್ಬೆರಳು ಒಳಗೆ ಬರದೆ ಹೊರಗೇ ನಿಲ್ಲುತ್ತದೆ. ಮುಷ್ಟಿಯೊಳಗೆ ಜಾಗವಿಲ್ಲದವನ ಹಾಗೆ.

ಏಪ್ರಿಲ್ 30, ಬುಧವಾರ

ಮತ್ತೆ ಬಿತ್ತಿದೆ. ಅರ್ಧ ಪೊಟ್ಟಣ.

ಮೇ 11, ಭಾನುವಾರ

ಇವತ್ತು ಸಸಿ ಕಿತ್ತೆ. ಯಾರೂ ಹೇಳಿದ್ದಕ್ಕಲ್ಲ, ನನಗೇ ಹಾಗೆ ಮಾಡಬೇಕೆನಿಸಿತು. ಎಡಗೈಯಲ್ಲಿ ಶುರುಮಾಡಿದೆ. ಎಡಗೈಗೆ ನಾಜೂಕಿಲ್ಲ, ಒಂದನ್ನು ಕಿತ್ತರೆ ಪಕ್ಕದ್ದೂ ಬರುತ್ತಿತ್ತು. ಮೂರು ಒಳ್ಳೆಯ ಸಸಿ ಹಾಳಾದವು. ಕೊನೆಗೆ ಬಲಗೈ ಇಳಿಸಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಸಸಿಯ ಕತ್ತು ಹಿಡಿದು, ಸುಳಿವು ಕೊಡದೆ ಮೇಲಕ್ಕೆ. ನಿಧಾನ. ಹತ್ತು ಕಿತ್ತು ಕೈ ಕೊಡವುವುದು, ಮತ್ತೆ ಹತ್ತು. ಮಣ್ಣು ಸಡಿಲವಾಗಿದ್ದರೆ ಸಲೀಸು. ಹಿಂದಿನ ಸಂಜೆ ಕನ್ನಡಕದವನು ಹದವಾಗಿ ನೆನೆಸಿದ್ದ. ತನ್ನ ಪಾಪ ಕಳೆದುಕೊಳ್ಳಲು ಮಾಡಿರಬೇಕು.

ಸಾಲು ಹಿಡಿದು ಹೋದರೆ ಒಂದು ಲಯ ಬರುತ್ತದೆ. ಕತ್ತಿನ ಹಿಂದಿನ ಕೂದಲಿಗೆ ಬಾಚಣಿಗೆ ಕೊಟ್ಟು ಮೇಲೆ ಮೇಲೆ ಹೋಗುವ ಹಾಗೆ. ತಲೆಯೆತ್ತಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಿಸ್ ನೀರಿನ ಬಾಟಲಿ ಪಕ್ಕಕ್ಕಿಟ್ಟು ಹೋಗಿದ್ದರು. ಕುಡಿದೆ. ಥ್ಯಾಂಕ್ಸ್ ಹೇಳಲಿಲ್ಲ.

ಮೇ 18, ಭಾನುವಾರ

ಕೊನೆಗೂ ಮುಖಾಮುಖಿಯಾಯಿತು. ಅವನ ಅಂಗಡಿಗೆ ರಜೆಯಂತೆ, ಬೆಳಿಗ್ಗೆಯೇ ಬಂದಿದ್ದ. ಎರಡು ಪಾತಿಯ ನಡುವೆ ಇರುವುದು ಒಂದು ಅಡಿ ದಾರಿ. ಇಬ್ಬರೂ ಬೆನ್ನು ತಿರುಗಿಸಿ ಕೂತೆವು.

"ಬದನೆ ಚೆನ್ನಾಗಿ ನೋಡ್ಕೊಂಡಿದೀರಣ್ಣ" ಎಂದ.

"ನನಗೆ ನಿನ್ನ ಬದನೆ ಗೊತ್ತು, ನೀನು ಗೊತ್ತಿಲ್ಲ."

"ಸರಿ."

"ನಾನು ಅಡ್ಡ ಬಂದ್ನಾ?"

ಅವನು ಮಣ್ಣನ್ನೇ ನೋಡುತ್ತಿದ್ದ. "ಜನ ಹೊಡೆಯೋಕೆ ಬಂದಿದ್ರು. ಭಯದಲ್ಲಿ ಬಾಯಿಗೆ ಬಂದಿದ್ದು ಹೇಳಿದೆ."

"ಈಗ ಯಾರೂ ಹೊಡೆಯೋಕೆ ಬಂದಿಲ್ಲ. ಈಗ ಹೇಳು."

ಹೇಳಲಿಲ್ಲ. ಮೂಟೆಯ ವಿಷಯ ಹೊರಬಿದ್ದರೆ ತೋಟಕ್ಕೇ ಕುತ್ತು ಎಂದು ಅವನಿಗೂ ಗೊತ್ತು. "ತಲೆ ನೋಡ್ಕೋ ಹೋಗಿ ಕನ್ನಡೀಲಿ" ಎಂದೆ. "ಊರಲ್ಲಿ ಕಟಿಂಗ್ ಶಾಪ್ ಎಲ್ಲ ಮುಚ್ಚಿದ್ವಾ?"

"ನಿಮ್ಮ ಅಂಗಡಿ ಮುಂದೆ ಎರಡು ಸಲ ಬಂದಿದ್ದೆ. ಒಳಗೆ ಬರೋ ಮುಖ ಇರ್ಲಿಲ್ಲ. ಬೇರೆ ಕಡೆ ಹೋಗೋಕೆ ಮನಸ್ಸು ಬರ್ಲಿಲ್ಲ."

ನಾನು ಎದ್ದು ಬಂದೆ. ಜೂನ್ ಬರಲಿ. ಎಲ್ಲರ ಮುಂದೆ ಬಾಯಿ ಬಿಡಿಸುತ್ತೇನೆ.

ಮೇ 27, ಮಂಗಳವಾರ

ಈಗಿನ ರೀಫಿಲ್ಲುಗಳೆಲ್ಲ ಮೋಸ. ಮಾರ್ಚಿನಲ್ಲಿ ಹಾಕಿದ್ದು ಮೇ ಆರಂಭದವರೆಗೂ ಬಂತು. ಆಮೇಲೆ ಹಾಕಿದ್ದು ಇಷ್ಟು ಬೇಗ ಖಾಲಿ. ಅಂಗಡಿಯವನಿಗೆ ಹೇಳಿದರೆ "ಜಾಸ್ತಿ ಬರೀತಿದೀರೇನೋ" ಎಂದು ಹಲ್ಲುಕಿರಿದ. ವ್ಯಾಪಾರದ ಮಾತು.

ಫಿಸಿಯೋ ಅಮ್ಮ ಇವತ್ತು ಕೈ ತಿರುಗಿಸಿ ಮುರುಗಿಸಿ ನೋಡಿ ಬಹಳ ಖುಷಿಪಟ್ಟಳು. "ನೋಡಿದ್ರಾ, ಮಣ್ಣಿನ ಉಂಡೆ ದಿನಾ ಚಿವುಟಿದ್ದಕ್ಕೆ ಎಷ್ಟು ಚೆನ್ನಾಗಿ ಬಂದಿದೆ!"

ಹೂಂ ಎಂದೆ. ಉಂಡೆ ಅಲಮಾರಿನ ಮೇಲೆ ಕಲ್ಲಾಗಿ ಕೂತಿದೆ. ಅದನ್ನು ಹೇಳಿ ಯಾಕೆ ಅವಳ ಮನಸ್ಸು ಕೆಡಿಸುವುದು. ಮೂಳೆ ತಾನಾಗಿ ಕೂಡಿರುತ್ತದೆ, ಅಷ್ಟೇ.

ಮನೆಯಲ್ಲಿ ಇವಳ ಹೊಸ ರಾಗ: "ಊಟಕ್ಕೆ ಕೂತ್ರೂ ತೋಟ, ಎದ್ರೂ ತೋಟ. ಮೊದಲು ಮಾತೇ ಇರ್ಲಿಲ್ಲ, ಈಗ ಮುಗಿಯೋದೇ ಇಲ್ಲ." ನಾನು ಆಡುವುದು ಅವರ ತಪ್ಪುಗಳನ್ನು. ಪೀಪಾಯಿಗೆ ಮುಚ್ಚಳ ಇಲ್ಲ, ಸೊಳ್ಳೆ. ಪೈಪು ಮೂರು ಕಡೆ ಸೋರುತ್ತದೆ. ಒಂದು ಕಡೆ ನಾನೇ ಸೈಕಲ್ ಟ್ಯೂಬ್ ಕಟ್ಟಿದ್ದೇನೆ, ಎಷ್ಟೆಂದು ನೋಡಿಕೊಂಡಿರುವುದು. ನರ್ಸಮ್ಮನಿಗೆ ಟೊಮೆಟೊ ಕಟ್ಟಲು ಬರುವುದಿಲ್ಲ, ಕತ್ತು ಹಿಸುಕಿದ ಹಾಗೆ ಕಟ್ಟುತ್ತಾಳೆ. ಬಿಚ್ಚಿ ಕಟ್ಟಿಕೊಟ್ಟೆ. ಇಂಥವರ ಜೊತೆ ಏಗಬೇಕು.

ಜೂನ್ 7, ಶನಿವಾರ

ಕಿತ್ತೆ. ಗೆಡ್ಡೆ ಇದೆ. ಒಂದೊಂದೂ ಅಂಗೈ ಉದ್ದ, ಬೆಳ್ಳಗೆ. ಎರಡು ಸೀಳಿವೆ. ಉಳಿದವು ಪರವಾಗಿಲ್ಲ.

ಮಿಸ್ ಒಂದನ್ನು ತಿರುಗಿಸಿ ನೋಡಿ, "ಪಾಸ್" ಎಂದರು. "ನಾಳೆ ಮಾತಾಡಿ."

ಅಭ್ಯಾಸದಂತೆ ಪಾತಿ ಖಾಲಿ ಬಿಡಬಾರದೆಂದು ಮತ್ತೆ ಬಿತ್ತಿ ಬಂದೆ. ನಾಳೆ ಮುಚ್ಚಿಸುವ ತೋಟದಲ್ಲಿ ಯಾಕೆ ಬಿತ್ತಿದೆ ಎಂದು ದಾರಿಯಲ್ಲಿ ಹೊಳೆಯಿತು. ಬೀಜ ಉಳಿದಿತ್ತು, ಹಾಳಾಗಬಾರದಲ್ಲ.

ಜೂನ್ 8, ಭಾನುವಾರ

ಸಭೆ. ಶೆಡ್ಡಿನ ಮುಂದೆ ಎಲ್ಲರೂ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದರು. ಅಧಿಕಾರಿಗೆ ಒಂದು ಕುರ್ಚಿ. ಶೂಗೆ ಮಣ್ಣಾಗದ ಹಾಗೆ ಪಾದ ಎತ್ತಿಕೊಂಡೇ ಕೂತಿದ್ದ ಮಹಾಶಯ.

ಮೊದಲು ನನ್ನ ಸರದಿ. ಎದ್ದು ನಿಂತು ಎಲ್ಲ ಹೇಳಿದೆ. ಪೀಪಾಯಿ, ಸೊಳ್ಳೆ, ಪೈಪು, ಗೇಟಿಗೆ ಚಿಲಕ ಇಲ್ಲ, ಗೊಬ್ಬರ ತರಲು ಗಾಡಿ ಇಲ್ಲ. "ಗಾಡಿ ಇಲ್ಲದೆ ಸ್ಕೂಟರಲ್ಲಿ ಮೂಟೆ ಇಟ್ಕೊಂಡು ಬರ್ತಾರೆ. ಅದರಿಂದ ನನ್ನ ಕೈ ಮುರೀತು. ಅದನ್ನ ಹೇಳ್ಬೇಕಾದವನು ಇಲ್ಲೇ ಕೂತಿದಾನೆ. ನಾನೇ ಅಡ್ಡ ಬಂದೆ ಅಂತಾನೆ."

ಕೂತೆ. ಆಗ ಕನ್ನಡಕದವನು ಎದ್ದ. ಆ ಕಾಡು ತಲೆ ಇಟ್ಟುಕೊಂಡು.

"ಅವರು ಅಡ್ಡ ಬರ್ಲಿಲ್ಲ" ಎಂದ. "ಮೂಟೆ ನಾನೇ ಇಟ್ಕೊಂಡಿದ್ದೆ. ಕಾಲು ಬ್ರೇಕಿಗೆ ಹೋಗ್ಲಿಲ್ಲ. ಅವತ್ತು ಸುಳ್ಳು ಹೇಳಿದೆ."

ಐದು ತಿಂಗಳು ಈ ಮಾತಿಗೆ ಕಾದಿದ್ದೆ. ಬಂತು. ಬಂದಾಗ ಏನಾಗುತ್ತದೆ ಎಂದುಕೊಂಡಿದ್ದೆನೋ ಅದೇನೂ ಆಗಲಿಲ್ಲ. ಅವನು ಕೂರದೆ ಹಾಗೇ ನಿಂತಿದ್ದ, ಕೂರಲು ನನ್ನ ಅಪ್ಪಣೆ ಬೇಕು ಎಂಬಂತೆ.

ಅಧಿಕಾರಿಯ ಮುಖ ಅರಳಿತು. "ನೋಡಿ, ತೋಟದಿಂದ ಸಾರ್ವಜನಿಕರಿಗೆ ಅಪಾಯ ಅಂತ ತೋಟದವರೇ ಒಪ್ಪಿಕೊಂಡಂಗಾಯ್ತು. ಪಾರ್ಕಿಂಗ್ ಮಾಡೋದೇ ಸೂಕ್ತ. ಇವರ ಕೈಯೇ ಸಾಕ್ಷಿ."

ನನಗೆ ನಖಶಿಖಾಂತ ಉರಿಯಿತು. ನನ್ನ ಕೈ ಇವನ ಪಾರ್ಕಿಂಗಿಗೆ ಸಾಕ್ಷಿಯಂತೆ. ಎದ್ದೆ.

"ಒಂದು ಸ್ಕೂಟರ್ ನನ್ನ ಕೈ ಮುರೀತು ಸ್ವಾಮಿ. ನೀವು ಅದೇ ತಿರುವಲ್ಲಿ ದಿನಾ ನೂರು ಸ್ಕೂಟರ್ ತಂದು ಬಿಡ್ತೀನಿ ಅಂತೀರಿ. ಇದು ಯಾವ ಲೆಕ್ಕ?"

"ನೀವೇ ತಾನೇ ಮುಚ್ಚಿ ಅಂದಿದ್ದು?"

"ಪೀಪಾಯಿ ಮುಚ್ಚಿ ಅಂದೆ. ಗೊಬ್ಬರಕ್ಕೆ ತಳ್ಳುಗಾಡಿ ಕೊಡಿ ಅಂದೆ. ಮುಚ್ಚೋದಾದ್ರೆ ನಿನ್ನೆ ಬಿತ್ತಿರೋ ಮೂಲಂಗಿ ನಿಮ್ಮ ಕಚೇರೀಲಿ ಬೆಳೆಸ್ತೀರಾ?"

ಎಲ್ಲರೂ ನಕ್ಕರು. ನಗಿಸಲು ಹೇಳಿದ್ದಲ್ಲ. ಅಧಿಕಾರಿ ಮೇಲಿನವರಿಗೆ ತಿಳಿಸುತ್ತೇನೆ ಎಂದು ಗಡಿಬಿಡಿಯಲ್ಲಿ ಎದ್ದು ಹೋದ. ಸರಿಯಾಗಿ ಪೈಪ್ ಸೋರುವ ಜಾಗದಲ್ಲೇ ಕಾಲಿಟ್ಟ. ನಾನು ಕಟ್ಟದೆ ಬಿಟ್ಟಿದ್ದ ಜಾಗ.

ಹೊರಡುವಾಗ ಮಿಸ್ ಎಂದರು, "ಭಾಷಣ ಚೆನ್ನಾಗಿತ್ತು."

"ನಾನು ನಿಮ್ಮ ಪರ ಮಾತಾಡಿದ್ದಲ್ಲ."

"ಗೊತ್ತು. ಅದಕ್ಕೇ ಚೆನ್ನಾಗಿತ್ತು."

ಜೂನ್ 13, ಶುಕ್ರವಾರ

ವಾರ್ಡ್ ಕಚೇರಿಯಿಂದ ಸುದ್ದಿ ಬಂದಿದೆ. ತೋಟ ಸದ್ಯಕ್ಕೆ ಇರಲಿ ಎಂದಿದ್ದಾರೆ. ತಳ್ಳುಗಾಡಿ ಕೊಡುತ್ತಾರಂತೆ. ಕೊಟ್ಟಾಗ ನೋಡೋಣ.

ಜೂನ್ 16, ಸೋಮವಾರ

ಅಂಗಡಿಯಲ್ಲಿ ಗಲ್ಲಾ ಪಕ್ಕ ಪೇಪರ್ ಓದುತ್ತಾ ಕೂತಿದ್ದೆ. ಹೊಸಬ ಟೀ ಕುಡಿಯಲು ಹೋಗಿದ್ದ. ಬಾಗಿಲು ತೆರೆದು ಕನ್ನಡಕದವನು ಬಂದ. ಯಾರನ್ನೂ ಕೇಳದೆ ಹೋಗಿ ಮೊದಲ ಕುರ್ಚಿಯಲ್ಲಿ ಕೂತ.

"ಐದು ನಿಮಿಷ ಇರಿ, ನಮ್ಮ ಹುಡುಗ ಬರ್ತಾನೆ" ಎಂದ ತಮ್ಮ.

"ಅಣ್ಣನ ಹತ್ರ ಮಾಡಿಸ್ಕೊಳ್ಳೋಕೆ ಬಂದಿದೀನಿ."

ತಮ್ಮ ನನ್ನನ್ನು ನೋಡಿದ. ನಾನು ಪೇಪರ್ ಮಡಚಿ ಕುರ್ಚಿಯ ಹಿಂದೆ ಹೋಗಿ ನಿಂತೆ. "ಕೈಯಲ್ಲಿ ಕತ್ತರಿ ಇರುತ್ತೆ, ನಿನ್ನ ಕಿವಿ ಪಕ್ಕದಲ್ಲೇ. ಯೋಚನೆ ಮಾಡು."

"ಮಾಡೇ ಬಂದಿದೀನಿ."

ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಬಾಚಣಿಗೆ ಕೊಟ್ಟೆ. ಹೆಬ್ಬೆರಳು ಆಡಿತು. ಮೊದಲು ತೊದಲಿತು, ಆಮೇಲೆ ಆ ಹಳೆಯ ಸದ್ದು ಬಂತು. ಬಲಗಡೆ ಕಿವಿ ಬಿಡಿಸಿ, ಕತ್ತು ಎತ್ತಿ, ಬಲಗಡೆಯ ಸುಳಿ ಅದರ ದಿಕ್ಕಿಗೇ ಕೂರಿಸಿದೆ. ರೇಡಿಯೋ ಸಣ್ಣ ಮಾಡಿದ್ದು ಯಾರೋ ಗೊತ್ತಿಲ್ಲ.

ನಡುಭಾಗಕ್ಕೆ ಬರುವಷ್ಟರಲ್ಲಿ ಹೆಬ್ಬೆರಳಿನ ಬುಡ ಹಿಡಿದುಕೊಂಡಿತು. ಕತ್ತರಿ ಬೀಳುವ ಮೊದಲೇ ಕೆಳಗಿಟ್ಟೆ. "ಇವತ್ತಿಗೆ ಇಷ್ಟೇ" ಎಂದೆ.

ತಮ್ಮ ಬಾಚಣಿಗೆ ಹಿಡಿದು ಮುಂದೆ ಬಂದ, "ಉಳಿದಿದ್ದು ನಾನು ಮುಗಿಸ್ತೀನಿ" ಎಂದು. ಕನ್ನಡಕದವನು ತಾನೇ ಬಟ್ಟೆ ತೆಗೆದು ಎದ್ದ.

"ಬೇಡ. ಉಳಿದಿದ್ದಕ್ಕೆ ನಾಳೆ ಬರ್ತೀನಿ."

"ಹೀಗೇ ಬೀದೀಲಿ ಹೋಗ್ತೀಯಾ? ಜನ ನಗ್ತಾರೆ" ಎಂದೆ.

"ನಗಲಿ. ಯಾರು ಮಾಡಿದ್ದು ಅಂತ ಕೇಳಿದ್ರೆ ಹೇಳ್ತೀನಿ."

ಹೋದ. ಒಂದು ಕಡೆ ಮದುಮಗ, ಇನ್ನೊಂದು ಕಡೆ ಕಾಡುಮನುಷ್ಯ. ಎದುರಿನ ಬೇಕರಿಯಿಂದ ಜನ ಹೊರಗೆ ಬಂದು ನೋಡಿದರು. ಅವನು ತಲೆ ತಗ್ಗಿಸಲಿಲ್ಲ.

ತಮ್ಮ ಬಹಳ ಹೊತ್ತು ನೆಲ ಗುಡಿಸಿದ. ಆಮೇಲೆ ಕಿಟಕಿ ಪಕ್ಕದ ಅಡ್ಡಹಲಗೆಯಿಂದ ಹೊಸಬನ ಕತ್ತರಿ-ಬಾಚಣಿಗೆಯ ಡಬ್ಬ ತೆಗೆದು ಮೂರನೇ ಕುರ್ಚಿಯ ಹತ್ತಿರ ಇಟ್ಟ.

"ಅವನು ಬಿಟ್ಟು ಹೋದ್ರೆ?" ಎಂದೆ.

"ಹೋಗ್ಲಿ. ಅರ್ಧ ತಲೆ ನಾಳೆ ಬರುತ್ತಲ್ಲ, ಅದಕ್ಕೆ ಜಾಗ ಬೇಕು" ಎಂದ.

ಜೂನ್ 17, ಮಂಗಳವಾರ

ಬೆಳಿಗ್ಗೆ ಬದನೆಗೆ ನೀರು ಹಾಕಿ ಬಂದೆ. ಮೂಲಂಗಿ ಮೊಳಕೆಯೊಡೆದಿದೆ, ಭಾನುವಾರ ತೆಳು ಮಾಡಬೇಕು.

ಕ್ಷಮಿಸಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ತೋಟದಿಂದ ನನಗಾದ ಪ್ರಯೋಜನವೂ ಒಂದೂ ಇಲ್ಲ. ಉಗುರಿನ ಮಣ್ಣು ಇನ್ನೂ ಹೋಗಿಲ್ಲ.

ಎಡಗಡೆಯ ಸುಳಿ ಬಾಕಿ ಇದೆ. ಅದು ಬಲಗಡೆಯದಕ್ಕಿಂತ ಹಟಮಾರಿ. ಹೆಚ್ಚು ಬರೆಯಲು ಹೊತ್ತಿಲ್ಲ, ಅಂಗಡಿಗೆ ಹೋಗಬೇಕು.